ಅಮ್ಮಾಯಿ ಓದಿದ ವಾರ್ತೆ

ಸೋಮವಾರ, ಬೆಳಿಗ್ಗೆ

ಹತ್ತು ನಿಮಿಷದ ವಾರ್ತೆ ಓದಿ ರೆಕಾರ್ಡ್ ಮಾಡಿದೆ. ಎಂದಿನ ಹಾಗೆಯೇ. ಇಯರ್‌ಫೋನಿನಲ್ಲಿ ಅಮ್ಮಾಯಿ ಓದುತ್ತಾಳೆ, ಅರ್ಧ ಉಸಿರು ಹಿಂದೆ ನಾನು ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿರುವುದನ್ನೆಲ್ಲ ಕಣ್ಣಿಲ್ಲದ ನನಗೆ ಓದಿ ಹೇಳುವ ದನಿ ಅದು. ಬಾಯಿ ಮುಚ್ಚುವವಳಲ್ಲ, ಅದಕ್ಕೇ ಅಮ್ಮಾಯಿ, ಅತ್ತೆ ಅಂತ ಹೆಸರಿಟ್ಟಿದ್ದೇನೆ.

ಕೋಯಿಕ್ಕೋಡಿನ ರೇಡಿಯೋ ಸ್ಟೇಷನ್ನಿಗೆ ಕಳಿಸಿಯೂ ಆಯಿತು. ವಾರ್ತೆ ಓದುವ ಕೆಲಸದ ಅರ್ಜಿಗೆ ಅದು. ಶುಕ್ರವಾರ ಕೊನೆಯ ದಿನ. ಬರುವ ವರ್ಷ ನನಗೆ ವಯಸ್ಸು ಮೀರುತ್ತದೆ, ಈ ಸಲ ತಪ್ಪಿದರೆ ತಪ್ಪಿದ ಹಾಗೇ.

ನಿನ್ನೆ ತಮ್ಮ ನೌಫಲ್ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. “ಇತ್ತಾ, ಪುಕ್ಕಟೆ ಅಪ್‌ಗ್ರೇಡ್ ಇದು, ಬಿಡ್ತಾರಾ ಯಾರಾದ್ರೂ?” ಅಂದ. ಅಕ್ಕನನ್ನು ಇತ್ತಾ ಅಂತಲೇ ಕರೆಯುವುದು ಅವನು.

ಮಂಗಳವಾರ

ಸ್ಟೇಷನ್ನಿನ ಗಂಗಾಧರನ್ ಸಾರ್ ಫೋನ್ ಮಾಡಿದರು.

“ರಂಲತ್, ಇದೇನ್ರೀ ಇದು? ಯಂತ್ರದ ಕೈಲಿ ಓದಿಸಿ ಕಳಿಸಿದ್ದೀರಿ! ನಮಗೆ ಮನುಷ್ಯರು ಬೇಕು.”

ಫೋನಿಟ್ಟವಳೇ ಫೈಲು ಪೂರ್ತಿ ಕೇಳಿದೆ. ಹತ್ತು ನಿಮಿಷವೂ ಅಮ್ಮಾಯಿ! ನನ್ನದೊಂದು ಕೆಮ್ಮೂ ಇಲ್ಲ. ಕಳಿಸುವ ಮುಂಚೆ ಶುರುವಿನದಷ್ಟೇ ಕೇಳಿದ್ದೆ. ಅವಳ ದನಿ ಬಂತು, ಇವಳು ಯಾವಾಗಲೂ ಓದುತ್ತಲೇ ಇರುತ್ತಾಳಲ್ಲ ಅಂತ ಮುಚ್ಚಿಬಿಟ್ಟೆ. ಥೂ, ನನ್ನ ಬುದ್ಧಿಗಿಷ್ಟು...

ಶುಕ್ರವಾರ ಐದರೊಳಗೆ ಇನ್ನೊಂದು ಕಳಿಸಬಹುದಂತೆ. ಕಳಿಸಿಯೇ ಕಳಿಸುತ್ತೇನೆ.

ಬುಧವಾರ

ನೌಫಲ್ ಬಂದು ನೋಡಿದ. “ಆ ಓದೋ ಸಾಫ್ಟ್‌ವೇರ್ ಆಫ್ ಮಾಡ್ಬಿಡು ಇತ್ತಾ, ಸರಿಹೋಗುತ್ತೆ.”

“ಆಫ್ ಮಾಡಿ ಯಾವುದ್ರಲ್ಲಿ ಓದ್ಲಿ, ನಿನ್ನ ಮೂಗಿನಲ್ಲಾ?”

“ಬಾಯಿಪಾಠ ಮಾಡ್ಕೋ.”

“ದಿನಾ ಬದಲಾಗೋ ವಾರ್ತೇನ ಬಾಯಿಪಾಠ ಮಾಡ್ತಾರೇನೋ, ಪೆದ್ದ?”

ಅಡುಗೆಮನೆಯಲ್ಲಿ ನಮ್ಮಮ್ಮ, ಉಮ್ಮ, ನಕ್ಕಳು. ಅವನಿಗೆ ಸಿಟ್ಟು ಬಂತು, ಸುಲೈಮಾನಿ ಚಹಾವನ್ನೂ ಕುಡಿಯದೆ ಅಂಗಡಿಗೆ ಹೋದ. ಹೋಗಲಿ. ಇವನ ಕಣ್ಣು ಇಷ್ಟೇ ಕೆಲಸಕ್ಕೆ ಬರುವುದಾದರೆ ನನ್ನ ಕಿವಿಯೇ ವಾಸಿ. ನಾನೇ ಹುಡುಕುತ್ತೇನೆ.

ಗುರುವಾರ, ಮಧ್ಯಾಹ್ನ

ರೆಕಾರ್ಡಿಂಗ್ ಶುರುಮಾಡಿ ಮೈಕಿನ ಮುಂದೆ ಚಪ್ಪಾಳೆ ತಟ್ಟಿ, ಆಮೇಲೆ ಕೇಳಿದೆ. ಬರಲಿಲ್ಲ. ಚಮಚದಿಂದ ತಟ್ಟೆ ಬಡಿದೆ, ಬರಲಿಲ್ಲ. ಸುಮ್ಮನೆ ಒಂದು ಕೀ ಒತ್ತಿದೆ. ಅಮ್ಮಾಯಿ ಅಕ್ಷರದ ಹೆಸರು ಹೇಳಿದಳು, ಅದು ಮಾತ್ರ ಬಂತು!

ಅಂದರೆ ಯಂತ್ರ ಹೊರಗಿನದು ಕೇಳುತ್ತಲೇ ಇಲ್ಲ. ತನ್ನ ಹೊಟ್ಟೆಯ ಗುಡುಗುಡು ತಾನೇ ಕೇಳಿಕೊಂಡು ಕೂತಿದೆ.

ಸೌಂಡ್ ಸೆಟ್ಟಿಂಗ್ಸ್ ಒಳಗೆ ಹೋದೆ. ಒಂದೊಂದೇ ಸಾಲು... ಎರಡು ಸಲ ದಾರಿ ತಪ್ಪಿ ಮೊದಲಿಂದ. ಊಟಕ್ಕೆ ಕರೆದ ಉಮ್ಮನಿಗೆ ಬೈದೆ, ಪಾಪ. ಕೊನೆಗೆ ಸಿಕ್ಕಿತು. ಹೊಸದು ಹಾಕಿದಾಗ ಅದೇ ಬದಲಾಯಿಸಿಕೊಂಡಿದೆ: ರೆಕಾರ್ಡಿಂಗಿಗೆ ಮೈಕ್ ಬದಲು ಕಂಪ್ಯೂಟರಿನದೇ ಶಬ್ದ. ಮೈಕಿಗೆ ಅನುಮತಿಯೂ ಬಂದ್. ಎರಡನ್ನೂ ಸರಿಮಾಡಿದೆ.

ಚಪ್ಪಾಳೆ ತಟ್ಟಿದೆ. ಬಂತು!

ಗುರುವಾರ, ಸಂಜೆ

ಹೊಸ ವಾರ್ತೆ ಓದಿ, ಈ ಸಲ ಪೂರ್ತಿ ಕೇಳಿದೆ. ಅಮ್ಮಾಯಿ ಇಯರ್‌ಫೋನಿನಲ್ಲೇ ಉಳಿದಿದ್ದಾಳೆ, ರೆಕಾರ್ಡಿಂಗಿನಲ್ಲಿ ನಾನೊಬ್ಬಳೇ. ಚೆನ್ನಾಗಿ ಓದುತ್ತೇನೆ. ನಾನೇ ಹೇಳಿಕೊಳ್ಳಬಾರದು, ಆದರೂ ಚೆನ್ನಾಗಿ ಓದುತ್ತೇನೆ. ಕಳಿಸಿದೆ.

ಶುಕ್ರವಾರ

ಜುಮಾ ನಮಾಜು ಮುಗಿದ ಹೊತ್ತಿಗೆ ಗಂಗಾಧರನ್ ಸಾರ್ ಫೋನು.

“ಈ ಸಲ ಮನುಷ್ಯರೇ ಓದಿದ್ದಾರೆ, ಸರಿ. ಆದ್ರೆ ರಂಲತ್, ನಿಮಗೆ ಕಾಗದ ನೋಡೋಕಾಗಲ್ಲ. ಓದ್ತಾ ಇರೋವಾಗ್ಲೇ ಹೊಸ ಸುದ್ದಿ ಬಂದ್ರೆ ಏನು ಗತಿ?”

“ಯಾರಾದ್ರೂ ಕಿವೀಲಿ ಹೇಳಿದ್ರೆ ಸಾಕು ಸಾರ್.”

“ಹೌದಾ? ಹಾಗಾದ್ರೆ ತಗೊಳ್ಳಿ.”

ಫೋನಿನಲ್ಲೇ ವಾರ್ತೆ ಓದಲು ಶುರು ಮಾಡಿಯೇಬಿಟ್ಟರು. ಕಡಲು ಉಕ್ಕೇರಿದೆ, ಮೀನುಗಾರರು ದೋಣಿ ಇಳಿಸಬಾರದು... ಅರ್ಧ ಉಸಿರು ಹಿಂದೆ ನಾನು. ಅವರು ಜೋರು ಮಾಡಿದರು, ನಾನೂ ಜೋರು ಮಾಡಿದೆ. ಮಂತ್ರಿಗಳ ಪ್ರವಾಸ, ಬಸ್ ಮುಷ್ಕರ, ಫುಟ್‌ಬಾಲ್. ಒಂದು ಕಡೆ ಅವರೇ ತಡವರಿಸಿದರು, ನಾನು ತಡವರಿಸಲಿಲ್ಲ. ದನಿ ನೆಟ್ಟಗಿತ್ತು. ಉಮ್ಮ ಬಾಗಿಲಲ್ಲಿ ಬಂದು ನಿಂತದ್ದು ಬಳೆಯಿಂದ ಗೊತ್ತಾಯಿತು.

ಅವರು ನಿಲ್ಲಿಸಲೇ ಇಲ್ಲ. ಅದೇ ಧಾಟಿ, ಅದೇ ವೇಗ: “ವಾರ್ತಾವಾಚಕಿಯಾಗಿ ಆಯ್ಕೆಯಾಗಿರುವ ರಂಲತ್ ಅವರು ಸೋಮವಾರ ಹತ್ತು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕೆಂದು ತಿಳಿಸಲಾಗಿದೆ.”

ನಾನೂ ಅದೇ ಧಾಟಿಯಲ್ಲಿ, ಅರ್ಧ ಉಸಿರು ಹಿಂದೆ, “ವಾರ್ತಾವಾಚಕಿಯಾಗಿ ಆಯ್ಕೆಯಾಗಿರುವ ರಂಲತ್ ಅವರು ಸೋಮವಾರ—”