ಕಿಟಕಿಯ ಹೊರಗಿಟ್ಟ ಶೀಶೆಗಳು

ಒರೂರೊ
9 ಆಗಸ್ಟ್ 2024

ಪ್ರೀತಿಯ ನೀಲ್ಡಾ,

ಎರಡು ಸಾವಿರದ ಹದಿನೆಂಟರ ಜೂನ್ ಇಪ್ಪತ್ತರಂದು, ನಮ್ಮ ಐಮಾರಾ ಹೊಸವರ್ಷದ ಹಿಂದಿನ ದಿನ, ಸಾಂತಾ ಇಲಾರಿಯಾ ಆಸ್ಪತ್ರೆಯವರು ನನ್ನ ಎದೆಯಿಂದ ಕೊಯ್ದು ತೆಗೆದ ಗಡ್ಡೆಯನ್ನು ಬರೀ ಉಪ್ಪುನೀರಿನ ಶೀಶೆಗೆ ಹಾಕಿ, ಕಿಟಕಿಯ ಹೊರಗಟ್ಟೆಯ ಮೇಲಿಟ್ಟು ಹಬ್ಬಕ್ಕೆ ಹೊರಟುಹೋದರು.

ಕುಶಲ ಕೇಳುವ ಮೊದಲೇ ದೂರು ಶುರುಮಾಡಿದೆನೆಂದು ಬೇಸರಿಸಬೇಡ. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಕೂತದ್ದೂ ಇದೇ ಕಾರಣಕ್ಕೆ; ಪೆನ್ನು ಹಿಡಿದರೆ ಬೈಗುಳವೇ ಬರುತ್ತಿತ್ತು. ತಾರಿಹಾದಲ್ಲಿ ಚಳಿ ಇಳಿದಿರಬೇಕು. ಮಗುವಿಗೆ ಹಲ್ಲು ಬಂತೆ? ಗಂಡನ ಕೆಲಸ ಖಾಯಂ ಆಯಿತೆ? ನಿಮ್ಮ ಮದುವೆಗೆ ಧರ್ಮತಾಯಿಯಾಗಿ ನಿಂತವಳು ಇಷ್ಟನ್ನಾದರೂ ಸಮಯಕ್ಕೆ ಕೇಳಬೇಕಿತ್ತು.

ನನ್ನ ಸುದ್ದಿ ಚೆನ್ನಾಗಿಲ್ಲ. ಈಸ್ಟರ್ ಹೊತ್ತಿಗೆ ಸೊಂಟ ನೋಯತೊಡಗಿತು. ವಯಸ್ಸಿನ ನೋವೆಂದುಕೊಂಡೆ. ಅಲ್ಲ, ಹಳೆಯ ಗಡ್ಡೆ ಮೂಳೆಗೆ ಹೋಗಿ ಕೂತಿದೆ. ಅಲ್ಲಿಂದ ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೆ ಅದೇ ಆಸ್ಪತ್ರೆಯ ಡಾಕ್ಟರ್ ಉಗಾರ್ತೆ ನಗುನಗುತ್ತಾ ಬಂದರು.

“ಒಳ್ಳೆ ಸುದ್ದಿ ಟೀಚರ್. ಈ ಸಲ ಹಾರ್ಮೋನ್ ಗ್ರಾಹಕಗಳಿವೆ. ದಿನಾ ಮಾತ್ರೆ ತಗೊಂಡ್ರೆ ಹಿಡಿತಕ್ಕೆ ಬರುತ್ತೆ.”

“ಈ ಸಲ ಅಂದ್ರೆ? ಹೋದ ಸಲ ಇಲ್ಲವೇ ಇಲ್ಲ ಅಂದಿದ್ರಲ್ಲ?”

“ಗಡ್ಡೆ ಸ್ವಭಾವ ಬದಲಾಯಿಸ್ಕೊಂಡಿದೆ. ಮನುಷ್ಯರು ಬದಲಾಗಲ್ವಾ?”

“ಡಾಕ್ಟ್ರೇ, ಜೀವಮಾನವೆಲ್ಲ ಮಕ್ಕಳಿಗೆ ಚರಿತ್ರೆ ಪಾಠ ಮಾಡಿದೀನಿ. ಕಾಲ ಬದಲಾಯ್ತು ಅನ್ನೋದು ಸೋತ ಸರ್ಕಾರಗಳು ಹೇಳೋ ಮಾತು.”

ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ವಿಷಯ ಅಷ್ಟು ಕಷ್ಟದ್ದೇನಲ್ಲ, ಇವರು ಕಷ್ಟ ಮಾಡಿ ಹೇಳುತ್ತಾರೆ ಅಷ್ಟೆ. ಬಹಳಷ್ಟು ಸ್ತನದ ಗಡ್ಡೆಗಳು ನಮ್ಮದೇ ಮೈಯ ಹೆಣ್ಣು ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಆ ಹಾರ್ಮೋನನ್ನು ಹಿಡಿದುಕೊಳ್ಳಲು ಅವುಗಳ ಜೀವಕೋಶದಲ್ಲಿ ಗ್ರಾಹಕಗಳಿರುತ್ತವೆ. ಇವೆ ಎಂದು ತಿಳಿದರೆ ವರ್ಷಗಟ್ಟಲೆ ಕೊಡುವ ಮಾತ್ರೆಯೊಂದು ಆ ಜಾಗದಲ್ಲಿ ತಾನೇ ಹೋಗಿ ಕೂತು ಗಡ್ಡೆಯನ್ನು ಉಪವಾಸ ಕೆಡವುತ್ತದೆ. ಇಲ್ಲವೆಂದರೆ ಆ ಮಾತ್ರೆ ಕೊಡುವುದಿಲ್ಲ. ನನಗೆ ಇಲ್ಲವೆಂದರು, ಕೊಡಲಿಲ್ಲ. ಗ್ರಾಹಕಗಳನ್ನು ಕಾಣಬೇಕಾದರೆ ತೆಗೆದ ಮಾಂಸವನ್ನು ಕೂಡಲೇ, ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಹಾಕಬೇಕು, ತಡವಾದರೆ ಅವು ಅಳಿಸಿಹೋಗುತ್ತವೆ.

ಅಂದು ಆಸ್ಪತ್ರೆಯಲ್ಲಿ ಫಾರ್ಮಲಿನ್ ಮುಗಿದಿತ್ತು. ಪರೀಕ್ಷೆಯ ಕೋಣೆಗೆ ಇಪ್ಪತ್ನಾಲ್ಕರ ಸಾನ್ ಹುವಾನ್ ಹಬ್ಬ ಮುಗಿಯುವವರೆಗೆ ಬೀಗ. ನಿನ್ನ ಅಮ್ಮ ಪ್ರಿಮಿತಿವಾ ನನ್ನ ಪಕ್ಕದ ಹಾಸಿಗೆಯಲ್ಲಿದ್ದಳಲ್ಲ, ನಮ್ಮ ಗೆಳೆತನ ಹುಟ್ಟಿದ್ದೇ ಆ ವಾರ. ಅಂಗಳದಾಚೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತ ಶೀಶೆಗಳನ್ನು ಮೊದಲು ಕಂಡವಳು ಅವಳೇ. ಬೆಳಿಗ್ಗೆ ಅವುಗಳ ಮೇಲೆ ಬಿಳಿ ಹಿಮ, ಮಧ್ಯಾಹ್ನ ಸುಡುಬಿಸಿಲು.

“ಟೀಚರಮ್ಮ, ನೋಡ್ರೀ ಅಲ್ಲಿ, ನಮ್ಮನ್ನ ಚುನ್ಯೊ ಮಾಡ್ತಿದಾರೆ! ರಾತ್ರಿ ಹೆಪ್ಪುಗಟ್ಸು, ಹಗಲು ಕರಗ್ಸು. ಇನ್ನು ಆಲೂಗಡ್ಡೆ ತರ ತುಳಿದು ನೀರು ಹಿಂಡೋದೊಂದು ಬಾಕಿ!”

ಹೊಲಿಗೆ ಬಿಚ್ಚೀತೆಂದು ಎದೆ ಒತ್ತಿ ಹಿಡಿದುಕೊಂಡು ನಕ್ಕೆವು. ಜೀವಮಾನವಿಡೀ ಸಂತೆಯಲ್ಲಿ ಒಣ ಆಲೂಗಡ್ಡೆಯ ಚುನ್ಯೊ ಮಾರಿದವಳಿಗೆ ಬೇರೆ ಯಾವ ಹೋಲಿಕೆ ಹೊಳೆದೀತು? ಉಗಾರ್ತೆ ಬಂದಾಗ ಕೇಳಿಯೇ ಬಿಟ್ಟೆ.

“ಅಯ್ಯೋ ಟೀಚರ್, ನಮ್ಮೂರ ಚಳೀಲಿ ಏನು ಕೆಡುತ್ತೆ? ನಮ್ಮಜ್ಜಿ ಕುರಿ ಮಾಂಸಾನ ಸೂರಿನ ಮೇಲೆ ಒಣಹಾಕಿ ವರ್ಷ ಪೂರ್ತಿ ಇಟ್ಕೋತಿದ್ಲು. ಫ್ರಿಜ್ಜಿಗಿಂತ ಆ ಕಿಟಕೀನೇ ವಾಸಿ.”

ಅಜ್ಜಿ ಮಾಂಸ ಇಟ್ಟದ್ದು ತಿನ್ನುವುದಕ್ಕೆ, ನೀಲ್ಡಾ. ಅದನ್ನು ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ.

ಹೋದ ತಿಂಗಳು ಹಠ ಹಿಡಿದು, ಆಸ್ಪತ್ರೆಯವರು ಮೇಣದಲ್ಲಿ ಕಾದಿಟ್ಟಿದ್ದ ಹಳೆಯ ಗಡ್ಡೆಯ ತುಂಡನ್ನು ಈಸಿಕೊಂಡು ಲಾ ಪಾಸ್‌ಗೆ ಹೋದೆ. ಅಲ್ಲಿ ಅಯೊರೋವಾ ಎಂಬ ವೈದ್ಯೆ ಸೂಕ್ಷ್ಮದರ್ಶಕದ ಮುಂದೆ ನನ್ನನ್ನೇ ಕೂರಿಸಿದರು. “ಇಲ್ನೋಡಿ ಮೇಡಂ, ಇದು ಗಡ್ಡೆ ಅಲ್ಲ, ಪಕ್ಕದಲ್ಲಿರೋ ನಿಮ್ಮ ಆರೋಗ್ಯವಾದ ಕೋಶಗಳು. ಗ್ರಾಹಕ ಇದ್ದ ಕಡೆ ಬಣ್ಣ ಹಿಡಿಯುತ್ತೆ, ಇವುಗಳಲ್ಲಿ ಕೆಲವಾದ್ರೂ ಹಿಡೀಲೇಬೇಕು. ಒಂದೂ ಹಿಡಿದಿಲ್ಲ ಅಂದ್ರೆ ಪರೀಕ್ಷೇನೇ ಕೆಟ್ಟಿದೆ ಅಂತ. ‘ಇಲ್ಲ’ ಅಂತ ಬರೆಯೋ ಹಾಗೇ ಇರ್ಲಿಲ್ಲ.”

“ಮತ್ತೆ ಏನು ಬರೀಬೇಕಿತ್ತು?”

“‘ಹೇಳಲಾಗದು’ ಅಂತ. ಹೊಸ ತುಂಡು ತೆಗೆಸಿ ಅಂತ.”

ಊರಿಗೆ ಬಂದು ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಕಂಡೆ. ಆತ ಕುರ್ಚಿಯಲ್ಲಿ ಒರಗಿಕೊಂಡೇ ಹೇಳಿದ: “ಗೊತ್ತಿಲ್ಲ ಅಂತ ಬರೆದುಕೊಟ್ರೆ ರೋಗಿಗಳು ಗಾಬರಿಯಾಗ್ತಾರಮ್ಮ. ಆಗಿದ್ದಾಯ್ತು, ಈಗ ಮಾತ್ರೆ ಕೊಡ್ತಿದೀವಲ್ಲ.”

ನನ್ನ ಅಪ್ಪನಿಗೂ ಗಣಿಯ ಡಾಕ್ಟರು ಶ್ವಾಸಕೋಶದಲ್ಲಿ ದೂಳಿಲ್ಲ ಎಂದೇ ಬರೆದುಕೊಟ್ಟಿದ್ದರು. ಅಪ್ಪ ಅದನ್ನು ನಮಗೆ ಗಟ್ಟಿಯಾಗಿ ಓದಿ ಹೇಳಲು ಹೋಗಿ, ಕೆಮ್ಮು ಒತ್ತಿಬಂದು ಅರ್ಧಕ್ಕೇ ನಿಲ್ಲಿಸಿದರು. ಈ ಊರಿನಲ್ಲಿ ‘ಇಲ್ಲ’ ಎಂಬ ಮಾತಿಗೆ ಯಾವತ್ತೂ ರುಜು ಸಿಕ್ಕಿದೆ, ‘ಗೊತ್ತಿಲ್ಲ’ ಎನ್ನುವುದಕ್ಕೆ ಮಾತ್ರ ಯಾರಿಗೂ ಧೈರ್ಯವಿಲ್ಲ.

ಮಾತ್ರೆ ನುಂಗುತ್ತಿದ್ದೇನೆ. ಮೈಯೆಲ್ಲ ಕಾವು, ಬೆವರು, ಅದರ ಜೊತೆಗೆ ಸಿಟ್ಟು. ಕೋಲು ಹಿಡಿದು ಮಾರುಕಟ್ಟೆಯವರೆಗೆ ಹೋಗಿ ಬರುತ್ತೇನೆ. ನನಗಾಗಿ ಕಣ್ಣೀರು ಹಾಕಬೇಡ. ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ. ಮಗು ಅಜ್ಜಿಯ ಬಾಯಿಯನ್ನೂ ನಿನ್ನ ತಾಳ್ಮೆಯನ್ನೂ ಪಡೆದು ಬೆಳೆಯಲಿ.

ನಿನ್ನ ಧರ್ಮತಾಯಿ,
ಎವಾರಿಸ್ತಾ ಕೊಂದಾರ್ಕೊ

ಮರೆತು ಬಿಟ್ಟದ್ದಲ್ಲ, ಬರೆಯಲು ಹೆದರಿದ್ದು: ಆ ಕಟ್ಟೆಯ ಮೇಲೆ ನಿನ್ನ ಅಮ್ಮನ ಶೀಶೆಯೂ ಇತ್ತು. ಅವಳಿಗೂ ‘ಇಲ್ಲ’ ಎಂದೇ ಬರೆದುಕೊಟ್ಟರು. ಹಬ್ಬ ಮುಗಿದ ಮೇಲಿನ ವಾರ ಆಪರೇಷನ್ ಆದ ಹೆಂಗಸಿಗೆ ಮಾತ್ರೆ ಶುರುವಾದಾಗ ಪ್ರಿಮಿತಿವಾ ನನ್ನೆದುರೇ ಕೇಳಿದಳು: “ಡಾಕ್ಟ್ರೇ, ನಂಗೂ ಅದನ್ನೇ ಕೊಡ್ರಲ್ಲ.” “ನಿಮ್ಮದಕ್ಕೆ ಅದು ಹತ್ತಲ್ಲ ತಾಯಿ, ಸುಮ್ನೆ ಆಸೆ ಇಟ್ಕೋಬೇಡಿ” ಎಂದರು ಉಗಾರ್ತೆ. ಎರಡು ವರ್ಷಕ್ಕೆ ಅವಳು ಹೋದಾಗ ಅದೇ ಬಾಯಿ ನಿನಗೆ ಹೇಳಿತು, “ಈ ಸಂತೆ ಹೆಂಗಸರು ಕಷಾಯ ನಂಬ್ಕೊಂಡು ಕೆಡ್ತಾರೆ” ಎಂದು. ಕಷಾಯ ಕಾಯಿಸಿ ಕೊಟ್ಟವಳು ನೀನು. ಅಂದಿನಿಂದ ಸತ್ತವರ ಹಬ್ಬಕ್ಕೆ ಅವಳ ಹೆಸರಿನಲ್ಲಿ ನೀನು ಒಂದು ರೊಟ್ಟಿಯನ್ನೂ ಸುಟ್ಟಿಲ್ಲ. ಯಾವ ಮುಖ ಇಟ್ಟುಕೊಂಡು ಅಮ್ಮನ ಆತ್ಮವನ್ನು ಮನೆಗೆ ಕರೆಯಲಿ ಎಂದು ನೀನು ಅತ್ತೆ.

ಅದು ಬರೀ ಕಷಾಯ, ನೀಲ್ಡಾ. ಅವಳ ಗಡ್ಡೆಯಲ್ಲಿ ಗ್ರಾಹಕಗಳಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅವರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಇಲ್ಲವೆಂದರು, ತಪ್ಪನ್ನು ನಿನ್ನ ಒಲೆಯ ಮೇಲೆ ಹಾಕಿದರು. ನೀನು ಹೂಂ ಎಂದರೆ ಇಷ್ಟನ್ನೂ ಪತ್ರಿಕೆಗೆ ಕೊಡುತ್ತೇನೆ. ಆಸ್ಪತ್ರೆಯವರು ನನ್ನನ್ನು ಕೋಣೆಗೆ ಕರೆದು ಚಹಾ ಕೊಟ್ಟು ಸಮಾಧಾನ ಹೇಳುವುದು ಬೇಡ. ಆ ಹಬ್ಬದ ವಾರ ಕಟ್ಟೆಯ ಮೇಲಿದ್ದ ಶೀಶೆಗಳು ಯಾವ ಯಾವ ಹೆಂಗಸರವು? ಅವರಲ್ಲಿ ಯಾರು ಬದುಕಿದ್ದಾರೆ? ಸತ್ತವರ ಮಕ್ಕಳಿಗೆ ಏನು ಹೇಳಿ ಕಳಿಸಿದಿರಿ? ಊರಿನ ಚೌಕದಲ್ಲಿ, ಎಲ್ಲರೆದುರು ನಿಂತು ಸಾಂತಾ ಇಲಾರಿಯಾ ಆಸ್ಪತ್ರೆ ಉತ್ತರ ಹೇಳಲಿ.