ಪಕ್ಕದವಳ ಅಳತೆ

ಮನೆ, ಮೇಲಿನ ಕೋಣೆ
ಮಾರ್ಚ್ ೯, ಭಾನುವಾರ

ನನ್ನ ಒಬ್ಬಳೇ ಒಬ್ಬಳು ಅಕ್ಕನಿಗೆ (ನಿನಗೆ ಎಷ್ಟು ಜನ ತಂಗೀರೋ ಗೊತ್ತಿಲ್ಲ),

ಅಲ್ಲ, ಆ ಫೋಟೋನ ಮನೆಯವರ ಗ್ರೂಪಿಗೇ ಹಾಕ್ಬೇಕಿತ್ತಾ? ನೀನೂ, ನಿನ್ನ ಜೊತೆ ಕೆಲಸ ಮಾಡೋ, ನೀನು 'ಚಿಟ್ಟೆ' ಅಂತ ಕರೆಯೋ ಆ ಹುಡುಗಿನೂ ನಿಮ್ಮ ತೂತಿನ ತಟ್ಟೆಯ ಎರಡು ಕಡೆ ಬಗ್ಗಿಕೊಂಡು ಹಲ್ಲು ಕಿರೀತಿರೋದು, ಕೆಳಗಡೆ 'ನನ್ನ ಇಲ್ಲಿನ ತಂಗಿ' ಅಂತ ಬೇರೆ. ನಾನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ. ಆ ಹೆಬ್ಬೆರಳಲ್ಲಿ ಎಷ್ಟು ಉರಿ ಇತ್ತು ಅಂತ ನಿನಗೆ ಗೊತ್ತಾಗಲ್ಲ ಬಿಡು. ಇರಲಿ. ಹೇಗಿದೀಯ? ಬೆನ್ನುನೋವು ಕಡಿಮೆ ಆಯ್ತಾ? ಬೆಟ್ಟದ ಒಣಗಾಳಿಗೆ ಮೂಗಲ್ಲಿ ರಕ್ತ ಬರುತ್ತೆ ಅಂದಿದ್ದೆಯಲ್ಲ, ಅಮ್ಮ ಅದನ್ನೇ ಮನಸ್ಸಿಗೆ ಹಚ್ಕೊಂಡು ಸ್ವೆಟರ್ ಹೆಣೆದಿದಾಳೆ. ಮೂಗಿಗೂ ಸ್ವೆಟರಿಗೂ ಏನು ಸಂಬಂಧ ಅಂತ ಕೇಳ್ಬೇಡ, ನಾನು ಕೇಳಿ ಬೈಸ್ಕೊಂಡಾಗಿದೆ. ಆ ಪಾರ್ಸೆಲ್ ಒಳಗೇ ಈ ಕಾಗದ ಇಡ್ತಿದೀನಿ. ಮೆಸೇಜ್ ಮಾಡಿದ್ರೆ ನೀಲಿ ಗೀಟು ಬೀಳುತ್ತೆ, ಉತ್ತರ ಬರಲ್ಲ. ಕಾಗದಕ್ಕೆ ಆ ಕಾಟ ಇಲ್ಲ.

ನಿನ್ನ ಕೆಲಸದ ಬಗ್ಗೆ ನನ್ನಷ್ಟು ಮಾತಾಡೋರು ಈ ಊರಲ್ಲೇ ಇಲ್ಲ, ಗೊತ್ತಾ? ಬ್ರಹ್ಮಾಂಡದ ನಕ್ಷೆ ಅಂದ್ರೆ ಹುಚ್ಚು ಹಿಡಿಸ್ಕೊಳ್ಳೋರ ಗ್ರೂಪು ಒಂದಿದೆಯಲ್ಲ, ಅಲ್ಲಿಗೆ ಹೊಸಬರು ಬಂದಾಗೆಲ್ಲ ವಿವರಿಸೋಳು ನಾನೇ. ನೋಡ್ರಪ್ಪಾ, ದುಂಡನೆ ಅಲ್ಯೂಮಿನಿಯಂ ತಟ್ಟೆ, ಅದರ ತುಂಬ ತೂತು, ಆಕಾಶದ ಆ ತುಂಡಲ್ಲಿ ಎಲ್ಲೆಲ್ಲಿ ಗ್ಯಾಲಕ್ಸಿ ಇದೆಯೋ ಅಲ್ಲಲ್ಲಿ ಒಂದೊಂದು. ನಮ್ಮಕ್ಕ ಹಗಲೆಲ್ಲ ನಿಂತು ಒಂದೊಂದು ತೂತಿಗೂ ಕೈಯಲ್ಲೇ ಗಾಜಿನ ಎಳೆ ಸಿಕ್ಕಿಸ್ತಾಳೆ. ಆಮೇಲೆ ತಟ್ಟೆ ದೂರದರ್ಶಕಕ್ಕೆ ಏರುತ್ತೆ, ಪ್ರತಿ ಎಳೆಯಲ್ಲೂ ಒಂದು ಗ್ಯಾಲಕ್ಸಿಯ ಬೆಳಕು ಹರಿದು ಬರುತ್ತೆ, ಆ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ್ರೆ ಅದು ಎಷ್ಟು ದೂರ ಅಂತ ತಿಳಿಯುತ್ತೆ. ತಟ್ಟೆ ಪಕ್ಕ ತಟ್ಟೆ ಸೇರಿಸ್ತಾ ಹೋದ್ರೆ ನಕ್ಷೆ. ಪಾತ್ರೆ ಸೋಪಿನ ನೊರೆ ಥರ: ಗುಳ್ಳೆಗಳ ಗೋಡೆ ಮೇಲೆಲ್ಲ ಗ್ಯಾಲಕ್ಸಿ, ಗುಳ್ಳೆ ಒಳಗೆ ಖಾಲಿ. ಜನ ಇದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೋತಾರೆ! ಅಮ್ಮನಿಗೂ ವಿವರಿಸಿದೆ. 'ಉಣ್ಣೋ ತಟ್ಟೇಲಿ ಇಷ್ಟು ತೂತು ಮಾಡಿದ್ರೆ ಸಂಬಳ ಬೇರೆ ಕೊಡ್ತಾರಾ' ಅಂದ್ಲು.

ಆದ್ರೆ ನೀನು ಫೋನ್ ಮಾಡಿದ್ರೆ ನಕ್ಷೆ ಸುದ್ದಿ ಎಲ್ಲಿ? ಬರೀ ಚಿಟ್ಟೆ. 'ಚಿಟ್ಟೆ ಎಳೆ ಹಿಡಿದ್ರೆ ಎಳೆಗೇ ಗೊತ್ತಾಗಲ್ಲ.' 'ಚಿಟ್ಟೆ ಇವತ್ತು ಟೀ ಮಾಡಿಕೊಟ್ಲು.' ನಾನು ಟೀ ಮಾಡಿಕೊಟ್ಟಾಗ ನೀನು 'ಇದೇನೇ, ಲೋಟ ತೊಳೆದ ನೀರಾ' ಅಂದಿದ್ದೆ, ಮರೆತಿಲ್ಲ. ಜಾಸ್ತಿ ಕೆಟ್ಟದ್ದೇನೂ ಬಯಸಲ್ಲ ನಾನು. ಅವಳ ಕೈ ನಡುಗಲಿ, ಎಳೆ ಜಾರಲಿ ಅಂತ ದಿನಾ ಒಂದ್ಸಲ ಅಂದ್ಕೋತೀನಿ. ಆಮೇಲೆ ನಕ್ಷೆ ಕೆಡುತ್ತಲ್ಲ ಅಂತ ವಾಪಸ್ ತಗೋತೀನಿ.

ನೀನೇ ಹೇಳಿಕೊಟ್ಟ ಒಂದು ವಿಷಯ ನನ್ನ ತಲೇಲಿ ಕೂತುಬಿಟ್ಟಿದೆ. ಎಳೆಯ ತುದಿಗೆ ದಪ್ಪ ಲೋಹದ ಟೋಪಿ ಇರುತ್ತೆ, ಅದಕ್ಕೇ ಎರಡು ಗ್ಯಾಲಕ್ಸಿ ತೀರಾ ಅಕ್ಕಪಕ್ಕ ಕಂಡ್ರೆ ಒಂದಕ್ಕೆ ಮಾತ್ರ ತೂತು, ಇನ್ನೊಂದಕ್ಕೆ ಜಾಗ ಇಲ್ಲ. ಆ ಇನ್ನೊಂದರ ದೂರ? ಪಕ್ಕದ್ದು ಎಷ್ಟೋ ಇದೂ ಅಷ್ಟೇ ಅಂತ ಬರ್ಕೊಳ್ಳೋದು. ಅದು ನಿಜವಾಗಿ ಎಷ್ಟೋ ಹಿಂದೆ, ಬೇರೇನೇ ಗುಳ್ಳೆಯ ಗೋಡೆ ಮೇಲೆ ಇರಬಹುದು, ಅಳೆದವರು ಯಾರು? ನೀನು ಇದನ್ನ ಹೇಳಿದಾಗ ನನಗೆ ಬೀದಿ ಕೊನೆಯ ದರ್ಜಿ ನೆನಪಾದ. ಯೂನಿಫಾರ್ಮ್ ಹೊಲಿಸೋಕೆ ಹೋದ್ರೆ ಟೇಪು ಅವನ ಕೊರಳಿಂದ ಇಳೀತಾನೇ ಇರಲಿಲ್ಲ. 'ಅಕ್ಕನ ಅಳತೆ ಇದೆಯಲ್ಲಮ್ಮ, ಸಾಕು ಬಿಡು.' ಪ್ರತಿ ವರ್ಷ ಭುಜ ದೊಗಳೆ, ತೋಳು ಗಿಡ್ಡ. ಟೀಚರ್‌ಗಳೂ ಅವನ ಸಂಬಂಧಿಕರೇ. 'ಓ, ನೀನು ಅವಳ ತಂಗಿನಾ' ಅಂತ ಕಣ್ಣು ಅರಳಿಸಿದ ಮೇಲೆ ನನ್ನ ಉತ್ತರಕ್ಕೆ ಯಾರೂ ಕಾಯ್ತಿರಲಿಲ್ಲ.

ಹೋದ ವಾರ ನೀನು ಫೋನ್ ಮಾಡಿದಾಗ ಅಮ್ಮನ ಕೈಯೆಲ್ಲ ಸೋಪು, ಫೋನು ಸ್ಪೀಕರಲ್ಲಿತ್ತು, ನಾನು ಬಾಗಿಲಲ್ಲಿದ್ದೆ. ನಿಮ್ಮಲ್ಲಿ ಎಳೆ ಸಿಕ್ಕಿಸೋಕೆ ಜನ ಬೇಕಂತೆ, ನಾನು ಅರ್ಜಿ ಹಾಕಲಾ ಅಂತ ನಿನ್ನನ್ನ ಕೇಳಿದ್ದೆನಲ್ಲ, ಅದರ ಉತ್ತರಾನ ನೀನು ಅಮ್ಮನಿಗೆ ಕೊಡ್ತಿದ್ದೆ: 'ಬೇಡಮ್ಮ, ಇಲ್ಲಿಗೆ ಬಂದ್ರೆ ಇಲ್ಲೂ ನನ್ನ ತಂಗಿಯಾಗೇ ಉಳೀತಾಳೆ.' ಒಳ್ಳೇದಕ್ಕೇ ಹೇಳಿರಬಹುದು. ಆದ್ರೆ ಸ್ವಂತ ತಂಗಿ ಬೇಡ, ಬಾಡಿಗೆ ತಂಗಿ ಸಾಕು ಅನ್ನೋದು ಯಾವ ನ್ಯಾಯ ಅಕ್ಕಾ? ಫೋನ್ ಇಟ್ಟ ಮೇಲೆ ಅಮ್ಮ ನನ್ನ ಮುಖ ನೋಡಿ ಅಂದ್ಲು, 'ಒಂದು ಕನ್ನಡಿಗೆ ಕಿತ್ತಾಡಿದೋರು ನೀವು, ಬ್ರಹ್ಮಾಂಡ ಸಾಲುತ್ತಾ ನಿಮಗೆ?'

ಅಮ್ಮನ ಆಶೀರ್ವಾದ ಸ್ವೆಟರಿನ ಹೆಣಿಗೆಯಲ್ಲೇ ಇದೆಯಂತೆ, ಬಿಸಿನೀರಲ್ಲಿ ಒಗೀಬೇಡ. ಅಪ್ಪ ಟಿವಿಯಿಂದ ಕಣ್ಣು ತೆಗೀದೆ 'ಕೇಳಿದೆ ಅಂತ ಬರಿ' ಅಂದ್ರು. ನನ್ನ ಕಡೆಯಿಂದ ಪ್ರೀತಿ, ಹೊಟ್ಟೆಕಿಚ್ಚು ಕಳೆದು ಉಳಿದಷ್ಟು.

ನಿನ್ನ ಅಸಲಿ ತಂಗಿ,
ಹಿಂದೆ ಹಿಂದೆ ಸುತ್ತಿದ್ದಕ್ಕೆ ನೀನೇ ಹೆಸರಿಟ್ಟ 'ಬಾಲ'

ತಾ.ಕ.: ಅಮ್ಮ ಕೆಳಗಿಂದ ಕೂಗ್ತಿದಾಳೆ, ಡಬ್ಬಕ್ಕೆ ಟೇಪ್ ಹಚ್ಚಬೇಕಂತೆ, ಬೇಗ ಹೇಳಿಬಿಡ್ತೀನಿ. ನಾನು ಅರ್ಜಿ ಹಾಕಿಯೇಬಿಟ್ಟೆ. ನೀನು 'ಗಡ್ಡದ ಸಾರ್' ಅಂತೀಯಲ್ಲ, ನಿಮ್ಮ ಮುಖ್ಯಸ್ಥರು, ಅವರೇ ವಿಡಿಯೋದಲ್ಲಿ ಮಾತಾಡಿಸಿದ್ರು. ಅಮ್ಮನ ಜರಡಿಗೆ ಮೀನು ಹಿಡಿಯೋ ದಾರ ಸಿಕ್ಕಿಸಿ ತೋರಿಸಿದೆ, ನಕ್ಕರು. ಆಮೇಲೆ ಕೇಳಿದ್ರು, 'ಅಕ್ಕಪಕ್ಕದ ಎರಡು ಗ್ಯಾಲಕ್ಸಿಯಲ್ಲಿ ತೂತು ಸಿಗದೆ ಬಿಟ್ಟುಹೋದದ್ದನ್ನ ಏನ್ಮಾಡ್ತೀಯಮ್ಮ?' ನಾನಂದೆ, ಪಕ್ಕದ್ದರ ಅಳತೆ ಬರ್ಕೊಂಡು ಕೈ ತೊಳ್ಕೊಳ್ಳಲ್ಲ ಸಾರ್, ಆಕಾಶದ ಅದೇ ಜಾಗ ಇನ್ನೊಂದು ತಟ್ಟೆಯ ಅಂಚಿಗೂ ಬಂದ್ರೆ ಅಲ್ಲಿ ಅದಕ್ಕೇ ಅಂತ ತೂತು ಕೊರೆಸ್ತೀನಿ. ಕೆಲಸ ಸಿಕ್ತು. ನಿನ್ನ ಹೆಸರು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೇ ಮೇಜು, ಬೇರೆ ತಟ್ಟೆ. ಕಲಿಸೋಳು ಯಾರಂತೆ ಗೊತ್ತಾ? ಚಿಟ್ಟೆ! ನನ್ನ ಹಣೆಬರಹ. ಈ ಸ್ವೆಟರ್ ನಿನ್ನ ಕೈ ಸೇರೋ ಹೊತ್ತಿಗೆ ನಾನು ಬೆಟ್ಟದ ಬಸ್ಸಲ್ಲಿರ್ತೀನಿ. ಧೈರ್ಯ ಇದ್ರೆ ಈಗ್ಲೇ ಹೇಳು: ಅಲ್ಲಿ ಯಾರಾದ್ರೂ 'ಇವಳು ಯಾರು' ಅಂದ್ರೆ, 'ನನ್ನ ತಂಗಿ' ಅಂತ ಅಲ್ಲಿಗೇ ಮುಗಿಸಿಬಿಡ್ತೀಯೋ, ಇಲ್ಲ ನಾನು ತುಂಬಿಸಿದ ತಟ್ಟೆ ನೋಡೋ ತನಕ ಬಾಯಿ ಮುಚ್ಕೊಂಡು ಇರ್ತೀಯೋ?