ಗೋಡೆಗೆ ತಾಗಿದ ಮಂಚ

ಜೂನ್ ೯, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಚಿಕ್ಕವಳೇ,

ನಿನ್ನ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸಬಲ್ಲಷ್ಟು ಹತ್ತಿರ ಕೂತು ನಿನಗೆ ಕಾಗದ ಬರೆಯುತ್ತಿದ್ದೇನೆ. ನಗಬೇಡ. ನಗುವುದಾದರೂ ಪೂರ್ತಿ ಓದಿ ನಗು. ಇಂಗ್ಲಿಷ್ ಸ್ಕೂಲಿನಲ್ಲಿ ಓದಿದವಳ ಕನ್ನಡ ಅಕ್ಷರ, ಜಿರಲೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದ ಹಾಗಿದೆ ಎಂದು ಹಿಂದೆ ತಮಾಷೆ ಮಾಡುತ್ತಿದ್ದೆಯಲ್ಲ. ಇವತ್ತು ಅವಸರ ಬೇರೆ, ಸಹಿಸಿಕೋ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಿಟೀಲು ಸ್ಕೂಲಿನಿಂದ ಬರುವುದರೊಳಗೆ ಅವಳ ಮಂಚವನ್ನು ನಮ್ಮಿಬ್ಬರ ನಡುವಿನ ಗೋಡೆಯಿಂದ ದೂರ ಎಳೆದುಬಿಡು. ಇವತ್ತು ಆ ಕೋಣೆಯಲ್ಲಿ ಅವಳನ್ನು ಮಲಗಿಸಲೇಬೇಡ. ಗೋಡೆ ನಿಮ್ಮ ಕಡೆಗೆ ವಾಲುತ್ತಿದೆ. (ನಿನ್ನ ಮಗಳನ್ನು ನೀವು ಈಗಲೂ ಪಿಟೀಲು ಎಂದೇ ಕರೆಯುತ್ತೀರೋ ಇಲ್ಲವೋ ಗೊತ್ತಿಲ್ಲ. ಹುಟ್ಟಿದ ವಾರ ಅವಳು ತೆಗೆಯುತ್ತಿದ್ದ ರಾಗ ಕೇಳಿ ನಾನೇ ಇಟ್ಟ ಹೆಸರು, ನನ್ನ ಬಾಯಿಂದ ಹೋಗುವುದಿಲ್ಲ.)

ಇದನ್ನು ಬಂದು ಹೇಳಬಾರದಿತ್ತೇ ಎಂದು ಕೇಳಬಹುದು. ಬಂದಿದ್ದೆ. ಬೆಳಗ್ಗೆ ಎರಡು ಸಲ ಬೆಲ್ ಒತ್ತಿದೆ. ಕಿಟಕಿಯ ಪರದೆ ಒಂದಿಷ್ಟು ಸರಿದು ಮತ್ತೆ ಮುಚ್ಚಿಕೊಂಡಿತು. ದೂರುತ್ತಿಲ್ಲ. ಐದು ವರ್ಷ ಮಾತು ಬಿಟ್ಟ ಓರಗಿತ್ತಿ ಬೆಳ್ಳಂಬೆಳಗ್ಗೆ ಬಾಗಿಲಿಗೆ ಬಂದು ನಿಂತರೆ ನಾನೂ ಪರದೆಯನ್ನೇ ಎಳೆಯುತ್ತಿದ್ದೆನೇನೋ. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ನಾನೂ ಮಾಡಿದ್ದೆ, ಮೊನ್ನೆ ತೆಗೆದೆ. ಹಾಗಾಗಿ ಈ ಕಾಗದ. ಬರೆದು ಮುಗಿಸಿದ ತಕ್ಷಣ ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ.

ಇದೆಲ್ಲ ಶುರುವಾದದ್ದು ಹೆಗ್ಗಣದಿಂದ. ಕಳೆದ ವರ್ಷ ನಮ್ಮ ಹಿತ್ತಲಿನ ಟೊಮೇಟೊ ಪಾತಿಯಲ್ಲಿ ಒಂದು ಬೆಳಗ್ಗೆ ಮುಷ್ಟಿ ಹೋಗುವಷ್ಟು ದೊಡ್ಡ ತೂತು. ಪಕ್ಕದಲ್ಲಿ ಯಾರೋ ಜರಡಿ ಹಿಡಿದು ಸುರಿದಂತೆ ಮಣ್ಣಿನ ಗುಡ್ಡೆ. ಗಾಜಿನ ಚೂರು ತುಂಬಿ ಮುಚ್ಚಿದೆ. ಅದು ಬೇಲಿ ದಾಟಿ ನಿಮ್ಮ ಕಡೆ ಹೋಯಿತು. ನಿನ್ನ ಗಂಡ ಬಿಸಿನೀರು ಹೊಯ್ದ, ಮತ್ತೆ ನಮ್ಮ ಕಡೆ ಬಂತು. ನಾನು ಖಾರದ ಪುಡಿ ಹಾಕಿದೆ, ನಿಮ್ಮ ಗುಲಾಬಿ ಬುಡ ಕಿತ್ತುಹೋಯಿತು. ಬೇಲಿಯಾಚೆಯಿಂದ ನೀನು ಯಾರಿಗೋ ಹೇಳುವ ಹಾಗೆ ಜೋರಾಗಿ, "ಕೆಲವರ ಮನೆ ಹೆಗ್ಗಣಕ್ಕೂ ಸ್ವಂತ ಮನೇಲಿ ಇರೋಕಾಗಲ್ಲ ಪಾಪ," ಎಂದೆ. ನಾನೂ ಬಿಡಲಿಲ್ಲ, "ಊಟ ಚೆನ್ನಾಗಿರೋ ಕಡೆ ಹೋಗುತ್ತೆ, ವಾಪಸ್ ಬಂದಿದೆ ನೋಡಿ," ಎಂದು ಬಟ್ಟೆ ಒಣಹಾಕುತ್ತಾ ಗೋಡೆಗೆ ಹೇಳಿದೆ. ವಯಸ್ಸು ನಲವತ್ತು ದಾಟಿದ ಇಬ್ಬರು ಹೆಂಗಸರು ಹೆಗ್ಗಣವನ್ನು ಇಟ್ಟುಕೊಂಡು ಶಟಲ್ ಆಡಿದೆವು. ಹೇಳಲು ನಾಚಿಕೆ, ಆ ದಿನ ಒಳಗೆ ಬಂದು ಒಬ್ಬಳೇ ನಕ್ಕಿದ್ದೆ. ಅದೇ ನಮ್ಮ ಮಾತುಕತೆ ಆಗಿತ್ತಲ್ಲ.

ಕೊನೆಗೆ ಅದು ಹಿತ್ತಲು ಬಿಟ್ಟು ನೆಲದಡಿಗೆ ನುಗ್ಗಿತು. ಮನೆ ಪಾಲಾದಾಗ ಗೋಡೆ ಎಬ್ಬಿಸಿ ಎರಡು ಮಾಡಿದ ಹಳೇ ಹಾಲ್‌ನಲ್ಲಿ ನಿಮ್ಮ ಅರ್ಧ ಪಿಟೀಲುವಿನ ಕೋಣೆಯಾಯಿತಲ್ಲ, ನಮ್ಮ ಅರ್ಧದಲ್ಲಿ, ಇಸ್ತ್ರಿ ಟೇಬಲ್ಲಿನ ಹಿಂದೆ, ಗೋಡೆಯ ಬುಡದಲ್ಲಿ ಒಂದು ಟೈಲ್ಸ್ ಕುಸಿಯಿತು. ಕೆಳಗಿನ ಸಾಲಿನ ಒಂದು ಇಟ್ಟಿಗೆ ಸಡಿಲವಾಯಿತು. ಹೆಗ್ಗಣ ಎಷ್ಟೋ ತಿಂಗಳ ಹಿಂದೆ ಹೊರಟುಹೋಗಿದೆ. ಬಿಲ ಮುಚ್ಚುವುದು ತಡವಾಯಿತು. ಮನೆಯೆಂದ ಮೇಲೆ ಕೆಲವು ಕೆಲಸಗಳು ಹಾಗೇ ಮುಂದೆ ಹೋಗುತ್ತವೆ.

ಹೋದ ವಾರ ಇನ್ನೂ ಎರಡು ಟೈಲ್ಸ್ ಕುಸಿದ ಮೇಲೆ ಮೇಸ್ತ್ರಿಯನ್ನು ಕರೆಸಿದೆ. ಆ ಗೋಡೆ ಎಬ್ಬಿಸಿದವನೇ. ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಇದಕ್ಕೆ ಪಾಯ ಇಲ್ಲಮ್ಮ. ಆವತ್ತು ಅಣ್ಣ ತಮ್ಮ ಇಬ್ರೂ ನನ್ನ ತಲೆ ಮೇಲೆ ನಿಂತು ಬೇಗ ಬೇಗ ಅಂತಿದ್ರು. ನೆಲ ಅಗೆಯೋಕೆ ಟೈಮ್ ಎಲ್ಲಿ ಕೊಟ್ರಿ? ಟೈಲ್ಸ್ ಮೇಲೇ ಎಬ್ಬಿಸಿಬಿಟ್ಟೆ," ಎಂದ. ಬಿಲ ತೆರೆದೇ ಇದ್ದುದರಿಂದ ಹಿತ್ತಲಿನ ನೀರು ಒಳಗಿಳಿದು ಗೋಡೆಯ ಕೆಳಗಿನ ಮಣ್ಣು ಕೊಚ್ಚಿಹೋಗಿದೆಯಂತೆ. ಬೀಳುತ್ತದೆಯೇ ಎಂದು ಕೇಳಿದೆ. "ಬೀಳಬಹುದು, ಬೀಳ್ದೇನೂ ಇರಬಹುದು." ಬಿದ್ದರೆ ಯಾವ ಕಡೆ? "ಆ ಕಡೆ. ನೀವೇನೂ ಯೋಚನೆ ಮಾಡ್ಬೇಡಿ," ಎಂದು ನನಗೆ ಧೈರ್ಯ ಹೇಳಿದ.

ನನ್ನ ಗಂಡನಿಗೆ ಹೇಳಿದೆ. ಇವರು ಪೇಪರ್ ಮಡಚಿಟ್ಟರು. ಆಮೇಲೆ, "ನಾನು ಹೋಗಿ ಹೇಳಿದ್ರೆ ರೂಮ್ ಹೊಡ್ಕೊಳ್ಳೋಕೆ ನೆಪ ಅಂತಾನೆ. ನಿಂಗೆ ಅವನು ಗೊತ್ತಿಲ್ವಾ?" ಎಂದರು. ಸರಿ, ಶನಿವಾರ ಗೇಟಿನ ಹತ್ತಿರ ನಾನೇ ನಿನ್ನ ಗಂಡನನ್ನು ತಡೆದು ಹೇಳಿದೆ. ಹೆಲ್ಮೆಟ್ ಹಾಕಿಕೊಳ್ಳುತ್ತಾ ನಕ್ಕ. "ಅತ್ತಿಗೆ, ಕಟ್ಟಿಸೋವಾಗ ಅಣ್ಣಂಗೆ ಅವಸರ, ಈಗ ಬೀಳಿಸೋಕೆ ನಿಮಗೆ ಅವಸರಾನಾ?" ಎಂದವನೇ ಸ್ಕೂಟರ್ ಸ್ಟಾರ್ಟ್ ಮಾಡಿದ. ನಿನಗೆ ಹೇಳಿರಲಾರ. ಹೇಳಿದ್ದರೆ ನೀನು ಮಂಚ ಎಳೆದಿರುತ್ತಿದ್ದೆ, ಅಷ್ಟು ನಂಬಿಕೆ ನಿನ್ನ ಮೇಲೆ ನನಗಿದೆ.

ನಿಮ್ಮ ಕಡೆ ಇರುವವರಿಗೆ ವಾಲಿದ್ದು ಕಾಣುವುದಿಲ್ಲ. ನಮಗೆ ಕಾಣುತ್ತದೆ. ಸಂಜೆ ನೀನು ಆ ಕೋಣೆಯ ಟ್ಯೂಬ್‌ಲೈಟ್ ಹಾಕಿದಾಗ ಗೋಡೆಯ ತುದಿ ಮತ್ತು ತಾರಸಿಯ ನಡುವಿನಿಂದ ಬೆಳಕಿನ ಒಂದು ಗೆರೆ ನಮ್ಮ ಕಡೆ ಬೀಳುತ್ತದೆ. ಮೊದಲು ದಾರದಷ್ಟಿತ್ತು. ನಿನ್ನೆ ಪೆನ್ಸಿಲಿನಷ್ಟು ದಪ್ಪ ಆಗಿದೆ. ಬಟ್ಟೆ ಮಡಚುವುದನ್ನು ಬಿಟ್ಟು ಅದನ್ನೇ ನೋಡುತ್ತಾ ನಿಲ್ಲುತ್ತೇನೆ. ಗಾರೆ ಪುಡಿ ಉದುರಿದ ಸಣ್ಣ ಸದ್ದಿಗೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬರುತ್ತೇನೆ. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು ಟೋಕನ್ ಕೊಡುವಾಗಲೂ ಕಿವಿ ಇಲ್ಲೇ ಇರುತ್ತದೆ. ಇವತ್ತು ರಜೆ ಹಾಕಿದ್ದೇನೆ.

ಮಂಚ ಗೋಡೆಗೆ ತಾಗಿದೆ ಎಂದು ನನಗೆ ಹೇಗೆ ಗೊತ್ತು ಎನ್ನುತ್ತೀಯೇನೋ. ಎಳೆದ ಸದ್ದು ಕೇಳಿಸಿತ್ತು. ಮೊದಲು ಕಿಟಕಿಯ ಕಡೆಗಿತ್ತು ಅಲ್ಲವೇ? ಒಂದಿಟ್ಟಿಗೆ ದಪ್ಪದ ಗೋಡೆಯಲ್ಲಿ ಎಲ್ಲವೂ ಕೇಳಿಸುತ್ತದೆ.

ಇದನ್ನು ನಿಮಗಾಗಿ ಬರೆಯುತ್ತಿದ್ದೇನೋ, ನನ್ನ ಎದೆ ಹಗುರ ಮಾಡಿಕೊಳ್ಳಲು ಬರೆಯುತ್ತಿದ್ದೇನೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಯಾವುದಾದರೂ ಆಗಲಿ, ಮಂಚ ಜರುಗಿದರೆ ಸಾಕು. ಗೋಡೆ ಇಳಿಸಲು ಅರ್ಧ ದಿನ ಸಾಕೆಂದು ಮೇಸ್ತ್ರಿ ಹೇಳಿದ್ದಾನೆ, ಆದರೆ ಎರಡೂ ಕಡೆಯಿಂದ ಒಳಗೆ ಬಿಡಬೇಕಂತೆ. ಬೇಕಾದರೆ ಆಮೇಲೆ ಪಾಯ ತೆಗೆದು ಗಟ್ಟಿಯಾಗಿ ಮತ್ತೆ ಕಟ್ಟಿಸಿಕೊಳ್ಳಿ. ರೂಮು ನಿಮ್ಮದೇ. ಬರೆದು ಸಹಿ ಹಾಕಿಕೊಡು ಎಂದರೆ ಕೊಡುತ್ತೇನೆ.

ನೀನು ನನ್ನನ್ನು ಅಕ್ಕ ಎನ್ನುವುದನ್ನು ಬಿಟ್ಟು ಬಹಳ ದಿನವಾಯಿತು. ಅತ್ತೆ ಕರೆಯುತ್ತಿದ್ದ ಹಾಗೆಯೇ ಸಹಿ ಹಾಕುತ್ತೇನೆ.

ಇಂತು,
ಈ ಕಡೆಯ ಮನೆಯ
ದೊಡ್ಡವಳು

ತಾ.ಕ.: ಕಾಗದ ಮಡಚಿ ನಿಮ್ಮ ಬಾಗಿಲವರೆಗೆ ಬಂದು ವಾಪಸ್ ಹೋದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಮಂಚದ ಸದ್ದು ಕೇಳಿ ನನಗೆ ತಿಳಿದದ್ದಲ್ಲ. ಪಿಟೀಲು ಹೇಳಿದಳು. ಇಟ್ಟಿಗೆ ಸಡಿಲವಾದ ದಿನ ಟಾರ್ಚ್ ಹಿಡಿದು ಬಗ್ಗಿದ್ದೆ. ಆ ಕಡೆಯಿಂದ ಸಣ್ಣ ದನಿ, "ನೀನು ಹೆಗ್ಗಣಾನಾ?" ಎಂದಿತು. ಹೂಂ ಎಂದೆ. ಅವತ್ತಿನಿಂದ ಪ್ರತಿ ಸಂಜೆ, ನೀನು ಅಡುಗೆಮನೆಯಲ್ಲಿ ಇರುವಾಗ, ನಾನು ಹೆಗ್ಗಣವಾಗಿ ಅವಳ ಹತ್ತಿರ ಮಾತಾಡಿದೆ. ಟೀಚರ್ ಮೇಲಿನ ದೂರು, ಬಿದ್ದ ಹಲ್ಲು, ಎಲ್ಲ. ಒಂದು ದಿನ, "ದೊಡ್ಡಮ್ಮ, ನೀನೇ ಅಂತ ನಂಗೆ ಫಸ್ಟ್ ಡೇನೇ ಗೊತ್ತಿತ್ತು, ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ," ಎಂದಳು. ಮಗ ಹಾಸ್ಟೆಲಿಗೆ ಹೋದ ಮೇಲೆ ಈ ಕಡೆ ಮಾತೆಂಬುದೇ ಇರಲಿಲ್ಲ. ಇವರು ಬಿಲ ಮುಚ್ಚಲೆಂದು ಸಿಮೆಂಟು ತಂದಿಟ್ಟರು. ನೆಲ ಇನ್ನೂ ಒದ್ದೆಯಿದೆ, ಒಣಗಲಿ ಎಂದು ನಾನೇ ತಡೆದೆ. ಮತ್ತೆ ಮತ್ತೆ ತಡೆದೆ. ಮಂಚವನ್ನು ಗೋಡೆಗೆ ಎಳೆದುಕೊಂಡದ್ದು ಅವಳೇ, ನನ್ನ ಮಾತು ಕೇಳಿಸಲೆಂದು. ನಿನ್ನೆ ದೂರ ಎಳೆದುಕೋ ಎಂದು ಬೇಡಿಕೊಂಡೆ. "ಆಮೇಲೆ ಹೇಗೆ ಕೇಳ್ಸುತ್ತೆ?" ಎಂದು ಒಪ್ಪಲಿಲ್ಲ. ಅವಳನ್ನು ಬೈಯಬೇಡ. ಮೊದಲು ಮಂಚ ಎಳೆ. ಆಮೇಲೆ ನನ್ನನ್ನು ಬೈಯಲು ಬಾ, ಬಾಗಿಲು ತೆಗೆದೇ ಇಟ್ಟಿರುತ್ತೇನೆ.